ಬಿ.ಎಂ. ರಸ್ತೆಯ ರಿಪೇರಿ ಅಂಗಡಿಯವರಿಗೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಆ ತಮ್ಮನಿಗೆ ತುಂಬಾ ಥ್ಯಾಂಕ್ಸ್. ಗಡಿಬಿಡಿಯಲ್ಲಿ ಹೆಸರೂ ಕೇಳಲಿಲ್ಲ.

ವಿಂಡೋಸ್ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ನ ಹಳೇ ಬ್ಯಾಟರಿ ತಡೆಯಲಿಲ್ಲ. ಆಮೇಲೆ ಆನ್ ಮಾಡಿದರೆ ನೀಲಿ ಪರದೆ, ಮತ್ತೆ ರೀಸ್ಟಾರ್ಟ್, ಅಷ್ಟೇ. ಮಾರನೇ ದಿನ ತೋಟದಲ್ಲಿ ಬಟವಾಡೆ. ಕಾಫಿ ಕುಯ್ಲಿನ ಲೆಕ್ಕವೆಲ್ಲ ಅದರೊಳಗೆ! ಮೊದಲು ಹೋಗಿದ್ದ ಇನ್ನೊಂದು ಅಂಗಡಿಯಲ್ಲಿ, ಫಾರ್ಮ್ಯಾಟ್ ಮಾಡಬೇಕು, ಫೈಲ್ ಉಳಿಯಲ್ಲ ಅಂದಿದ್ದರು.

ಇವರು ಅರ್ಧ ಎಳೆದಿದ್ದ ಶಟರ್ ಮತ್ತೆ ಎತ್ತಿದರು. ಕೀಬೋರ್ಡ್ ಮೇಲಿನ ಧೂಳು ಒರೆಸಿ, ರಿಪೇರಿ ಪರದೆ ಬರಿಸಿದರು. ಅದು ಬಿಟ್‌ಲಾಕರ್ ಕೀ ಕೇಳಿತು, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕಿರುವ ಬೀಗ ತೆಗೆಯುವ ನಂಬರ್, 48 ಅಂಕಿ! ನನ್ನ ಎದೆ ಧಸಕ್ಕೆಂದಿತು. "ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತೆ ಸರ್, ಮೊಬೈಲಲ್ಲಿ ನೋಡಿ" ಅಂದರು. ನಾನು ಪಾಸ್‌ವರ್ಡ್ ಒತ್ತುವಾಗ ಸುಮ್ನೆ ಆಚೆ ತಿರುಗಿ ನಿಂತರು. ಆರಾರು ಅಂಕಿ ನಾನು ಓದಿದೆ, ಅವರು ಹೊಡೆದರು. ಅರೆಬರೆ ಕೂತಿದ್ದ ಅಪ್‌ಡೇಟ್ ತೆಗೆದ ಮೇಲೆ ಲ್ಯಾಪ್‌ಟಾಪ್ ಎದ್ದಿತು.

"ಮೊದಲು ಲೆಕ್ಕ ನೋಡ್ಕೊಳಿ ಸರ್" ಎಂದು ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿಕೊಟ್ಟರು. ಎಲ್ಲ ಸಾಲೂ ಹಾಗೇ ಇತ್ತು. ಉಸಿರು ಬಂತು.

ಬಟವಾಡೆ ಸರಿಯಾಗಿ ಆಯಿತು ಮಾರಾಯ್ರೇ. ನಿಮ್ಮ ಪೆನ್‌ಡ್ರೈವ್ ನನ್ನ ಹತ್ತಿರವೇ ಇದೆ, ಪೇಟೆಗೆ ಬಂದಾಗ ತಂದುಕೊಡುತ್ತೇನೆ.