ಕ್ಲಚ್ ಕೈಕೊಟ್ಟರೆ ಮೊದಲು ನೋಡಬೇಕಾದ್ದು ಪ್ಲೇಟ್ ಅಲ್ಲ

ಮಾನ್ಯ ಸಂಪಾದಕರೇ,

ಕ್ಲಚ್ ಪೆಡಲ್ ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿದು ಮೇಲೇಳದಿದ್ದರೆ, ಅನೇಕ ಕಡೆ ನೇರವಾಗಿ ಗೇರ್‌ಬಾಕ್ಸ್ ಇಳಿಸಿ, ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಕ್ಲಚ್ ಪ್ಲೇಟ್ ಬದಲಿಸುತ್ತಾರೆ. ಇದು ತಪ್ಪು. ಸವೆದ ಪ್ಲೇಟ್ ಸಾಮಾನ್ಯವಾಗಿ ಜಾರುತ್ತದೆ: ಎಂಜಿನ್ ಅಬ್ಬರಿಸಿದರೂ ಕಾರು ವೇಗ ಪಡೆಯುವುದಿಲ್ಲ. ಪೆಡಲ್ ಸಡಿಲಾಗಿ ಗೇರೇ ಬೀಳದಿದ್ದರೆ ಮೊದಲ ಅನುಮಾನ ಹೈಡ್ರಾಲಿಕ್ ಭಾಗದ, ಅಂದರೆ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್‌ಗೆ ಮುಟ್ಟಿಸುವ ಭಾಗದ ಮೇಲಿರಲಿ. ಕೇಬಲ್ ಇರುವ ಕಾರಾದರೆ ಕೇಬಲ್ ತುಂಡಾಗಿರಬಹುದು.

ಮೊದಲು ಡಬ್ಬಿಯಲ್ಲಿ ಆ ದ್ರವದ (ಫ್ಲೂಯಿಡ್) ಮಟ್ಟ ನೋಡಿ. ಹಲವು ಕಾರುಗಳಲ್ಲಿ ಬ್ರೇಕ್‌ಗೂ ಕ್ಲಚ್‌ಗೂ ಒಂದೇ ಡಬ್ಬಿ. ಮಟ್ಟ ಇಳಿದಿದ್ದರೆ ಪೆಡಲ್ ಹಿಂದೆ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್, ಪೈಪು, ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್‌ಗಳಲ್ಲಿ ತೇವ ಹುಡುಕಿ. ಹೊರಗೆಲ್ಲೂ ಸೋರದೆ ಪೆಡಲ್ ಮಾತ್ರ ಮೆಲ್ಲಗೆ ಮುಳುಗಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸೋತಿರುವ ಸಾಧ್ಯತೆ ಹೆಚ್ಚು. ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲೇಬೇಕು. ಆಗ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್‌ಗಳ ಸವೆತವನ್ನೂ ನೋಡಿಬಿಡುವುದು ಜಾಣತನ.

ಡಬ್ಬಿಯ ಮುಚ್ಚಳದಲ್ಲಿ ಬರೆದಿರುವ ಡಾಟ್ 3 ಅಥವಾ ಡಾಟ್ 4 ಫ್ಲೂಯಿಡನ್ನೇ ಹಾಕಿ. ದಯವಿಟ್ಟು ಎಂಜಿನ್ ಆಯಿಲ್ ಬೇಡ, ಸೀಲುಗಳು ಊದಿ ಹಾಳಾಗುತ್ತವೆ. ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಳಿ ಹೊರಬಿಡುವ ನಿಪ್ಪಲ್ ತೆರೆದು, ಪೆಡಲ್ ಬಿಡುವ ಮೊದಲೇ ಮುಚ್ಚಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ ಮಾಡಿ, ನಡುನಡುವೆ ಡಬ್ಬಿ ತುಂಬಿಸುತ್ತಿರಿ.

– ವಾಹನ ದುರಸ್ತಿಗಾರರು