ಸಣ್ಣದು ಮಾಡುವುದು ಬೇರೆ, ಅವಮಾನ ಬೇರೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಮಕ್ಕಳ ಪುಟದಲ್ಲಿ ‘ಬಿಲಿಟಲ್’ ಎಂಬ ಇಂಗ್ಲಿಷ್ ಪದಕ್ಕೆ ‘ಅವಮಾನ ಮಾಡು’ ಎಂದು ಅರ್ಥ ಕೊಟ್ಟಿದ್ದೀರಿ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಅಕ್ಕೋರು ನಾನು. ನಿವೃತ್ತಿಯಾದರೂ ಕೆಂಪು ಪೆನ್ನಿನ ಚಟ ಹೋಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಅವಮಾನಕ್ಕೆ ಇಂಗ್ಲಿಷಿನಲ್ಲಿ ‘ಇನ್ಸಲ್ಟ್’ ಇದೆ. ಇದು ಅದಲ್ಲ. ‘ಲಿಟಲ್’ ಪದದ ಮುಂದೆ ‘ಬಿ’ ಬಂದು ಕೂತಿದೆ, ಅಂದರೆ ಚಿಕ್ಕದು ಮಾಡು. ನನ್ನ ಕ್ಲಾಸಿನ ಹುಡುಗನೊಬ್ಬ ‘ಮೈ ಸಿಸ್ಟರ್ ಈಸ್ ಬಿಲಿಟಲ್’ ಎಂದು ಬರೆದಿದ್ದ. ವಾಕ್ಯ ತಪ್ಪು. ಆದರೆ ಪದದ ಹೊಟ್ಟೆಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಾಗಿತ್ತು. ಅರ್ಧ ಮಾರ್ಕು ಕೊಟ್ಟೆ.

ಈ ಪದ ಚಾಲ್ತಿಗೆ ಬಂದ ಕತೆಯೂ ಗಾತ್ರದ್ದೇ. ಅಮೆರಿಕದ ಪ್ರಾಣಿಗಳೆಲ್ಲ ಯುರೋಪಿನವಕ್ಕಿಂತ ಚಿಕ್ಕವು, ಅಲ್ಲಿಯ ಹವೆಯೇ ಹಾಗೆ ಎಂದು ಫ್ರಾನ್ಸಿನ ಪ್ರಕೃತಿ ವಿಜ್ಞಾನಿ ಬಫನ್ ಬರೆದಿದ್ದರು. ಮುಂದೆ ಅಮೆರಿಕದ ಮೂರನೇ ಅಧ್ಯಕ್ಷರಾದ ಥಾಮಸ್ ಜೆಫರ್ಸನ್‌ಗೆ ಸಿಟ್ಟು ಬಂತು. ವರ್ಜೀನಿಯಾ ಬಗ್ಗೆ ಬರೆದ ಪುಸ್ತಕದಲ್ಲಿ ಪ್ರಾಣಿಗಳ ತೂಕದ ಪಟ್ಟಿಯನ್ನೇ ಹಾಕಿ ಉತ್ತರ ಕೊಟ್ಟರು. ಪ್ರಕೃತಿ ನಮ್ಮ ಕಡೆಯ ಜೀವಿಗಳನ್ನು ಮಾತ್ರ ‘ಬಿಲಿಟಲ್’ ಮಾಡುತ್ತದೆಯಂತೆ ಎಂದು ಬರೆದದ್ದು ಅಲ್ಲೇ. 1787ರಲ್ಲಿ ಪುಸ್ತಕ ಲಂಡನ್‌ನಲ್ಲಿ ಅಚ್ಚಾದಾಗ ಅಲ್ಲಿಯ ಪತ್ರಿಕೆಯೊಂದು ಈ ಪದವನ್ನು ಹಿಡಿದು ಗೇಲಿ ಮಾಡಿತು. ಅದೇ ವರ್ಷ ಜೆಫರ್ಸನ್ ಒಂದು ಮೂಸ್‌ನ ಚರ್ಮ, ಮೂಳೆಗಳನ್ನು ಹಡಗಿನಲ್ಲಿ ತರಿಸಿ ಬಫನ್‌ಗೆ ಕಳಿಸಿದರು. ಮೂಸ್ ಅಂದರೆ ನಮ್ಮ ಕಡವೆಯ ಬಳಗದ್ದು, ಕುದುರೆಗಿಂತ ಎತ್ತರ. ಮಾತಿಗೆ ಮಾತು ಬೆಳೆಸದೆ ಮೂಳೆ ಕಳಿಸಿದರಲ್ಲ, ನನಗೆ ಅದು ಇಷ್ಟ.

ಈಗ ನಮ್ಮೂರಿನ ಉದಾಹರಣೆ. ಏಪ್ರಿಲ್‌ನಲ್ಲಿ ಅಣ್ಣನ ಸೊಸೆ ಬೆಂಗಳೂರಿನಿಂದ ಬಂದಿದ್ದಳು. ಕುಮಟಾ ಹತ್ತಿರ ಅಳ್ವೆಕೋಡಿಯಲ್ಲಿ ಹೆದ್ದಾರಿ ಪಕ್ಕ ಸಿಹಿ ನೀರುಳ್ಳಿ ಹೆಣೆದು ನೇತುಹಾಕಿರುತ್ತಾರಲ್ಲ, ಅಲ್ಲಿ ಕಾರು ನಿಲ್ಲಿಸಿದೆವು. ಒಳ್ಳೆ ಹುಡುಗಿ ಅವಳು, ಚೌಕಾಸಿಯನ್ನೂ ಮಾಡಲಿಲ್ಲ. ಮಾರುವವಳ ಕಡೆ ಬಗ್ಗಿ, ‘ಪಾಪ ಅಮ್ಮ, ಈ ಬಿಸಿಲಲ್ಲಿ ಕೂತರೆ ದಿನಕ್ಕೆ ನೂರಿನ್ನೂರಾದ್ರೂ ಸಿಗತ್ತಾ?’ ಅಂದಳು. ದನಿಯಲ್ಲಿ ಬರೀ ಕನಿಕರ.

ಆಕೆ ಗೊಂಚಲಿನ ಒಣ ಸಿಪ್ಪೆ ಉದುರಿಸುತ್ತ, ತಲೆ ಎತ್ತದೆ ಹೇಳಿದಳು: ‘ನಿನ್ನೆ ಒಂದೇ ದಿವ್ಸ ಎಂಟು ಸಾವ್ರದ್ದು ಹೋಯ್ತು ತಂಗಿ. ನಿಂಗೆ ಬೇಕಾ, ಬ್ಯಾಡ್ವಾ?’

ಇಲ್ಲಿ ಯಾರೂ ಯಾರಿಗೂ ಅವಮಾನ ಮಾಡಲಿಲ್ಲ, ಅಲ್ವಾ? ಬೈಗುಳ ಇಲ್ಲ, ಕೆಟ್ಟ ಮನಸ್ಸಂತೂ ಇಲ್ಲವೇ ಇಲ್ಲ. ಆದರೂ ಆ ‘ಪಾಪ’ ಒಂದು ಗಟ್ಟಿ ವ್ಯಾಪಾರವನ್ನು ಅಂಗೈಯಷ್ಟು ಮಾಡಿಬಿಟ್ಟಿತು. ಬಿಲಿಟಲ್ ಅಂದರೆ ಇದು. ನಮ್ಮ ಮಾತಿನಲ್ಲಿ ಈ ಕೆಲಸಕ್ಕೆ ದೊಡ್ಡ ಪದಗಳೇ ಬೇಡ. ‘ಬರೀ’, ‘ಅಷ್ಟೇನಾ’, ‘ಏನೋ ಒಂದು’, ಇಷ್ಟು ಸಾಕು. ‘ಬರೀ ಅಂಗನವಾಡಿ ಟೀಚರ್ರಾ?’ ಅಂತ ಕೇಳಿ ನೋಡಿ.

ಬಳಕೆಯಲ್ಲೂ ವ್ಯತ್ಯಾಸ ಇದೆ. ಅವಮಾನ ಆಗುವುದು ಜನರಿಗೆ. ಬಿಲಿಟಲ್ ಮಾಡುವುದು ಒಬ್ಬರ ದುಡಿಮೆಯನ್ನೂ ಆಗಬಹುದು, ಕಷ್ಟವನ್ನೂ ಆಗಬಹುದು. ನಮ್ಮನ್ನು ನಾವೇ ಮಾಡಿಕೊಳ್ಳಲೂಬಹುದು, ಅದರಲ್ಲಂತೂ ನಮ್ಮ ಕರಾವಳಿಯವರು ಎತ್ತಿದ ಕೈ. ‘ಬನ್ರಾ ಊಟಕ್ಕೆ, ಎಂತದೂ ಇಲ್ಲ’ ಎಂದು ಕರೆದು ಮೂರು ಥರ ಮೀನು ಬಡಿಸುತ್ತೇವೆ.

ಮುಂದಿನ ವಾರ ತಿದ್ದುಪಡಿ ಹಾಕುವುದಾದರೆ ‘ಸಣ್ಣದು ಮಾಡಿ ಆಡು’ ಎಂದೋ ‘ಹಗುರ ಮಾಡು’ ಎಂದೋ ಹಾಕಿ. ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಜೆಫರ್ಸನ್‌ರನ್ನು ಕತ್ತರಿಸಿ, ನೀರುಳ್ಳಿಯವಳನ್ನು ಮಾತ್ರ ಮುಟ್ಟಬೇಡಿ.

– ನಿವೃತ್ತ ಶಿಕ್ಷಕಿ, ಅಂಕೋಲಾ