ನಾಲ್ಕು ದೇಶ ಬಿಡು, ಒಂದು ಗರಡಿ ಹಿಡಿ

ಡೊಂಬಿವ್ಲಿ
ಭಾನುವಾರ ಮಧ್ಯಾಹ್ನ

ದೋಸ್ತ,

ನಿನ್ನ ಪ್ಲಾನ್ ನೋಡಿದೆ. ಮೊದಲು ಥಾಯ್ಲೆಂಡ್‌ನಲ್ಲಿ ಮುಯೆ ಥಾಯ್, ಆಮೇಲೆ ವಿಯೆಟ್ನಾಂನಲ್ಲಿ ವೊವಿನಾಮ್, ಅಲ್ಲಿಂದ ಚೀನಾದ ಶಾವೊಲಿನ್‌ನಲ್ಲಿ ಕುಂಗ್ ಫು, ಕೊನೆಗೆ ಟೋಕಿಯೊದಲ್ಲಿ ಜೂಡೊ. ಎರಡು ತಿಂಗಳು, ನಾಲ್ಕು ದೇಶ, ನಾಲ್ಕು ಹೊಡೆದಾಟದ ವಿದ್ಯೆ. ಬೆನ್ನಿಗೆ ಒಂದು ಚೀಲ, ಬ್ಯಾಂಕಿನಲ್ಲಿ ಎರಡು ಲಕ್ಷ. ಓದುವುದಕ್ಕೆ ಭಾರಿ ಚೆನ್ನಾಗಿದೆ. ಮೈ ಕೈ ನೋವಿಗೆ ಮಾತ್ರ ಅದರಲ್ಲಿ ಒಂದು ದಿನವನ್ನೂ ಇಟ್ಟಿಲ್ಲ ನೀನು.

ಬೇಜಾರು ಮಾಡ್ಕೋಬೇಡ, ನೇರವಾಗಿ ಹೇಳುತ್ತೇನೆ. ಮೂರು ದೇಶ ಹೊಡೆದುಹಾಕು. ಒಂದೇ ಊರು ಹಿಡಿ, ಒಂದೇ ಗರಡಿಗೆ ಸೇರು, ಎರಡು ತಿಂಗಳೂ ಅಲ್ಲೇ ಬಿದ್ದಿರು. ನಿನ್ನ ಹತ್ತಿರ ಇರುವ ದುಡ್ಡಿಗೆ ಅದೇ ಸರಿ. ಕಲಿಯಬೇಕು ಅಂತ ಆಸೆ ಇದ್ದರೂ ಅದೇ ಸರಿ.

ದುಡ್ಡಿನ ಮಾತು ಮೊದಲು ಮುಗಿಸೋಣ. ಎಲ್ಲರೂ ಜಿಮ್ ಫೀಸು ಎಷ್ಟು ಅಂತ ಕೇಳುತ್ತಾರೆ. ಜೇಬು ತೂತಾಗುವುದು ಅಲ್ಲಿ ಅಲ್ಲ, ಊರು ಬದಲಿಸುವಾಗ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಮುಯೆ ಥಾಯ್ ಕಲಿಯಲು ಹೋದಾಗ ನಾನು ವಿಚಾರಿಸಿದ ಕಡೆ ಒಂದು ಹೊತ್ತಿನ ತರಬೇತಿಗೆ 300ರಿಂದ 500 ಬಾತ್ ಕೇಳುತ್ತಿದ್ದರು. ತಿಂಗಳಿಗೆ ಕಟ್ಟಿದರೆ ದಿನಕ್ಕೆರಡು ಹೊತ್ತು ಸೇರಿ 10,000 ಬಾತ್ ಆಸುಪಾಸು. ಅಂದರೆ ಹೆಚ್ಚುಕಡಿಮೆ ಅರ್ಧ. ರೂಮಿನದೂ ಅದೇ ಕಥೆ. ದಿನದ ಬಾಡಿಗೆ ಬೇರೆ, ತಿಂಗಳ ಬಾಡಿಗೆ ಬೇರೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಹಿಡಿದು ನೀನೇ ಲೆಕ್ಕ ಹಾಕು. ಇನ್ನು ನಾಲ್ಕು ದೇಶ ಅಂದರೆ ವಾಪಸ್ ಬರುವುದೂ ಸೇರಿ ಐದು ಸಲ ವಿಮಾನ, ನಾಲ್ಕು ಸಲ ಏರ್‌ಪೋರ್ಟಿನಿಂದ ಟ್ಯಾಕ್ಸಿ, ನಾಲ್ಕು ಸಲ ಹೊಸ ಸಿಮ್. ಎಟಿಎಂ ಬೇರೆ. ಥಾಯ್ಲೆಂಡ್‌ನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲವೂ 220 ಬಾತ್, ಕೆಲವು ಕಡೆ ಅದಕ್ಕಿಂತ ಜಾಸ್ತಿ ಕತ್ತರಿಸುತ್ತಾರೆ. ಸಾವಿರ ಸಾವಿರ ತೆಗೆಯುವವನಿಗೆ ಇದು ಶುದ್ಧ ದಂಡ.

ವೀಸಾ ಕಥೆ ಇನ್ನೊಂದು. ಚೀನಾಕ್ಕೆ ಬೇಕು, ಜಪಾನಿಗೆ ಬೇಕು, ವಿಯೆಟ್ನಾಂಗೆ ಇ-ವೀಸಾ. ಪ್ರತಿಯೊಂದಕ್ಕೂ ಫೀಸು, ಕಾಗದ, ಕಾಯುವುದು. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ ನಮಗೆ 30 ದಿನ ವೀಸಾ ಇಲ್ಲದೆ ಬಿಡಲು ಶುರು ಮಾಡಿತು, 2024ರ ಜುಲೈನಲ್ಲಿ ಅದನ್ನು 60 ದಿನ ಮಾಡಿತು. ಈ ನಿಯಮ ಆಗಾಗ ಅದಲು ಬದಲಾಗುವಂಥದ್ದು, ಟಿಕೆಟ್ ಮಾಡುವ ದಿನ ಅವರ ದೂತಾವಾಸದ ಸೈಟ್ ನೋಡು. ಯೂಟ್ಯೂಬ್ ನಂಬಬೇಡ. ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದ ಒಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. 2025ರ ಮೇ 1ರಿಂದ ಕಡ್ಡಾಯ, ಪೂರ್ತಿ ಉಚಿತ. ದುಡ್ಡು ಕೇಳುವ ಸೈಟ್ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ಮುಯೆ ಥಾಯ್ ಕಲಿಯುವವರಿಗೂ ಸಿಗುವ ಐದು ವರ್ಷದ ಒಂದು ವೀಸಾ ಇದೆ, ಅದರ ಬಗ್ಗೆ ನೀನು ಕೇಳಿದ್ದೆ ಅಲ್ವಾ? ಇರುವುದು ನಿಜ. ಆದರೆ ಬ್ಯಾಂಕಿನಲ್ಲಿ ಐದು ಲಕ್ಷ ಬಾತ್ ತೋರಿಸಬೇಕು. ಅಷ್ಟಿದ್ದರೆ ನೀನು ಡಾರ್ಮಿಟರಿ ಯಾಕೆ ಹುಡುಕುತ್ತಿದ್ದೆ!

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಮೊದಲ ವಾರ ನೀನು ಏನೂ ಕಲಿಯುವುದಿಲ್ಲ. ಇದನ್ನು ಬರೆದಿಟ್ಟುಕೋ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಓಡಿಸುತ್ತಾರೆ. ಬಂದಮೇಲೆ ಹಗ್ಗ ಹಾರುವುದು. ಆಮೇಲೆ ಕೈಗೆ ಪಟ್ಟಿ. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ, ಹೆಬ್ಬೆರಳಿನಿಂದ ಶುರು ಮಾಡಿ ಮಣಿಕಟ್ಟು, ಗೆಣ್ಣು, ಬೆರಳ ಸಂದು ಅಂತ ಸುತ್ತಬೇಕು. ಸಡಿಲವಾದರೆ ಮಣಿಕಟ್ಟು ಉಳುಕುತ್ತದೆ, ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ. ಆಮೇಲೆ ಪ್ಯಾಡ್. ಕ್ರೂ, ಅಂದರೆ ಗುರು, ಎರಡೂ ಮುಂಗೈಗೆ ದಪ್ಪ ಪ್ಯಾಡ್ ಕಟ್ಟಿಕೊಂಡು ನಿಲ್ಲುತ್ತಾನೆ. ಅವನು ತೋರಿಸಿದ ಕಡೆ ನೀನು ಹೊಡೆಯಬೇಕು, ಒದೆಯಬೇಕು. ಒದೆಯುವಾಗ ನಿನ್ನ ಕೈ ಗಲ್ಲದಿಂದ ಕೆಳಗೆ ಇಳಿಯಿತೋ, ಅದೇ ಪ್ಯಾಡಿನಿಂದ ಪಕ್ಕೆಗೆ ಫಟ್ ಅಂತ ಒಂದು ಬೀಳುತ್ತದೆ. ಬೈಯುವುದಿಲ್ಲ. ನಗುತ್ತಾನೆ. ರೌಂಡ್ ಮುಗಿದು ಉಸಿರು ಸಿಕ್ಕಿತು ಅನ್ನುವಷ್ಟರಲ್ಲಿ ಹತ್ತು ಪುಷಪ್. ಸಂಜೆ ಮತ್ತೆ ಇದೇ, ಜೊತೆಗೆ ಕ್ಲಿಂಚ್: ಎದುರಾಳಿಯ ಕುತ್ತಿಗೆ ಹಿಡಿದು ಜಗ್ಗುತ್ತಾ ಮೊಣಕಾಲಿನಿಂದ ಗುದ್ದುವ ಕೆಲಸ. ಮಾರನೇ ದಿನ ತಲೆ ತಿರುಗಿಸಿ ಹಿಂದೆ ನೋಡುವುದಕ್ಕೂ ಆಗುವುದಿಲ್ಲ. ನಾಮ್ಮನ್ ಮುಯೆ ಅಂತ ಹಳದಿ ಎಣ್ಣೆ ಹಚ್ಚುತ್ತಾರೆ. ಇಡೀ ಡಾರ್ಮಿಟರಿ ಅದೇ ವಾಸನೆ ಹೊಡೆಯುತ್ತದೆ, ಒದ್ದೆ ಗ್ಲೌಸಿನ ವಾಸನೆ ಬೇರೆ.

ನಿನ್ನ ಕರಾಟೆ ಬ್ಲ್ಯಾಕ್ ಬೆಲ್ಟ್ ಬಗ್ಗೆ ಗೌರವ ಇದೆ. ಆದರೆ ಅಲ್ಲಿ ಅದೇ ನಿನಗೆ ಅಡ್ಡ ಬರುತ್ತದೆ. ನಮಗೆ ಕಲಿಸಿದ್ದು ಮೊಣಕಾಲು ಎತ್ತಿ, ಪಾದ ಚಿಮ್ಮಿಸಿ, ಚಕ್ಕನೆ ವಾಪಸ್ ಎಳೆಯುವ ಒದೆತ. ಅಲ್ಲಿ ಪಾದದಿಂದ ಒದೆಯುವುದಿಲ್ಲ, ಮೊಣಕಾಲಿನ ಕೆಳಗಿನ ಎಲುಬಿನಿಂದ ಒದೆಯುತ್ತಾರೆ. ಸೊಂಟ ಪೂರ್ತಿ ತಿರುಗಬೇಕು, ನಿಂತ ಕಾಲಿನ ಹಿಮ್ಮಡಿ ಎದುರಾಳಿಯ ಕಡೆ ಬರಬೇಕು. ಕಾಲು ವಾಪಸ್ ಎಳೆದುಕೊಳ್ಳುವ ಮಾತೇ ಇಲ್ಲ, ಹೊಡೆತ ದಾಟಿಕೊಂಡು ಹೋಗಬೇಕು. ತಲೆಗೆ ಇದು ಒಂದೇ ದಿನಕ್ಕೆ ಅರ್ಥವಾಗುತ್ತದೆ. ಸೊಂಟಕ್ಕೆ ಅರ್ಥವಾಗಲು ವಾರಗಟ್ಟಲೆ ಬೇಕು. ಹತ್ತನೇ ದಿನ ನೀನು ಹನೋಯ್‌ಗೆ ವಿಮಾನ ಹತ್ತಿದರೆ ಕರಾಟೆಯೂ ಕೆಟ್ಟಿರುತ್ತದೆ, ಇದೂ ಬಂದಿರುವುದಿಲ್ಲ.

ಇನ್ನೊಂದು ಸಂಗತಿ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ವಾರಕ್ಕೆ ಬಂದವನನ್ನು ಅವರು ಗಿರಾಕಿ ಥರ ನೋಡಿಕೊಳ್ಳುತ್ತಾರೆ. ಚೆನ್ನಾಗಿ ಬೆವರಿಳಿಸಿ, ‘ಗುಡ್, ಗುಡ್’ ಅಂದು, ಒಂದು ಫೋಟೋ ತೆಗೆಸಿ ಕಳಿಸುತ್ತಾರೆ. ಮೂರನೇ ವಾರವೂ ಬೆಳಿಗ್ಗೆ ಬಾಗಿಲಲ್ಲಿ ನಿಂತರೆ ಮಾತು ಬದಲಾಗುತ್ತದೆ. ‘ಗುಡ್’ ನಿಲ್ಲುತ್ತದೆ. ಪಾದ ಹಿಡಿದು ತಿರುಗಿಸಿ ತೋರಿಸುತ್ತಾರೆ. ಒಂದೇ ಒದೆತವನ್ನು ಇಡೀ ಸಂಜೆ ಮಾಡಿಸುತ್ತಾರೆ. ನಮ್ಮ ಮುಂಬಯಿ ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರಕ್ಕೂ ಮಲ್ಲಕಂಬ ಕಲಿಯಲು ಹೊರದೇಶದವರು ಬರುತ್ತಾರಲ್ಲ. 2019ರಲ್ಲಿ ಮೊದಲ ವಿಶ್ವ ಮಲ್ಲಕಂಬ ಸ್ಪರ್ಧೆ ಆದದ್ದು ಅದೇ ಶಿವಾಜಿ ಪಾರ್ಕಿನಲ್ಲಿ. ಕಂಬ ತಬ್ಬಿ ಸೆಲ್ಫಿ ತೆಗೆದು ಹೋಗುವವರನ್ನು ನಾವು ಹೇಗೆ ನೋಡುತ್ತೇವೆ, ಹರಳೆಣ್ಣೆ ಹಚ್ಚಿದ ಕಂಬದಿಂದ ತಿಂಗಳುಗಟ್ಟಲೆ ಜಾರಿ ಬೀಳುವವರನ್ನು ಹೇಗೆ ನೋಡುತ್ತೇವೆ? ಅವರೂ ಮನುಷ್ಯರೇ ತಾನೇ.

ಕ್ರೂಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು ಅನಿಸುತ್ತಿದೆ. ತುಂಬಾ ಜನ ಈಸಾನ್ ಕಡೆಯವರು, ಥಾಯ್ಲೆಂಡಿನ ಈಶಾನ್ಯದ ಬಡ ಜಿಲ್ಲೆಗಳವರು. ಹಾಲುಹಲ್ಲು ಉದುರುವ ವಯಸ್ಸಿಗೇ ರಿಂಗಿಗೆ ಇಳಿದವರು. ಗೆದ್ದ ದುಡ್ಡು ಮನೆಗೆ. ಈಗಲೂ ಜಿಮ್‌ನಲ್ಲೇ ಮಲಗಿ, ಬೆಳಿಗ್ಗೆ ಓಡಿ, ಶಾಲೆಗೆ ಹೋಗಿ, ಸಂಜೆ ಮತ್ತೆ ಪಟ್ಟಿ ಸುತ್ತಿಕೊಳ್ಳುವ ಹುಡುಗರು ಇದ್ದಾರೆ. 2018ರಲ್ಲಿ 13 ವರ್ಷದ ಒಬ್ಬ ಹುಡುಗ ರಿಂಗಿನಲ್ಲಿ ಪೆಟ್ಟು ತಿಂದು ಸತ್ತಾಗ ಅಲ್ಲಿ ದೊಡ್ಡ ಚರ್ಚೆ ಆಯಿತು. ಮಕ್ಕಳ ಪಂದ್ಯ ನಿಲ್ಲಿಸಿ ಅಂತ ಡಾಕ್ಟರುಗಳು, ನಿಲ್ಲಿಸಿದರೆ ನಾವು ತಿನ್ನುವುದೇನು ಅಂತ ಈ ರಿಂಗಿನವರು. ನಿನ್ನ ಅಪ್ಪ ಕುಂದಾಪುರದಿಂದ ಬಂದು ಮುಂಬಯಿ ಫೋರ್ಟಿನ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ವಯಸ್ಸೂ ಇದೇ ಅಲ್ವಾ? ಅವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೇಳುವ ನಮಗೆ ಹೊಟ್ಟೆ ಚುರ್ ಅನ್ನುತ್ತದೆ. ಅಲ್ಲಿಯೂ ನನಗೆ ಹಾಗೇ ಆಯಿತು. ಆ ಹುಡುಗರ ಒದೆತ ನೋಡಿ ಚಪ್ಪಾಳೆ ತಟ್ಟಿದೆ, ಆಮೇಲೆ ಕೈ ಮುದುಡಿಕೊಂಡೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೊರಡುವ ದಿನ ಕ್ರೂಗೆ ಕೈಯಲ್ಲಿ ನೇರವಾಗಿ ಏನಾದರೂ ಕೊಡು, ಆಫೀಸಿನ ಡಬ್ಬಕ್ಕೆ ಹಾಕಬೇಡ. ಅದನ್ನು ಈಗಲೇ ಲೆಕ್ಕದಲ್ಲಿ ಸೇರಿಸು.

ನಿನಗೆ ತಾಗದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಹಳೇ ಪದ್ಧತಿಯ ಜಿಮ್‌ಗಳಲ್ಲಿ ಗಂಡಸರು ಹಗ್ಗದ ಮೇಲಿಂದ ದಾಟಿ ರಿಂಗಿಗೆ ಇಳಿಯುತ್ತಾರೆ, ಹೆಂಗಸರು ಕೆಳಗಿನ ಹಗ್ಗದಡಿ ನುಸುಳಬೇಕು. ಬ್ಯಾಂಕಾಕಿನ ಲುಂಪಿನಿ ಸ್ಟೇಡಿಯಂನಲ್ಲಿ ಹೆಂಗಸರ ಪಂದ್ಯ ಮೊದಲು ನಡೆದದ್ದೇ 2021ರಲ್ಲಿ. ನನಗೆ ಸಿಟ್ಟು ಬಂತು. ಆದರೂ ನುಸುಳಿದೆ. ಒಳಗೆ ಹೋದಮೇಲೆ ಒದೆತದಲ್ಲಿ ಯಾವ ರಿಯಾಯಿತಿಯೂ ಇರಲಿಲ್ಲ, ಅದೊಂದು ಸಮಾಧಾನ.

ಊಟಕ್ಕೆ ನಿನಗೆ ಚಿಂತೆ ಇಲ್ಲ, ಮೀನಿನ ಮನೆಯವನು. ಅನ್ನ, ಮೊಟ್ಟೆ, ಕೋಳಿ, ರಸ್ತೆ ಬದಿಯಲ್ಲಿ 50-70 ಬಾತ್‌ಗೆ ಹೊಟ್ಟೆ ತುಂಬುತ್ತದೆ. ನನ್ನಂಥ ಸೊಪ್ಪು ತಿನ್ನುವವರಿಗೆ ಕಷ್ಟ, ಪಲ್ಯಕ್ಕೂ ಮೀನಿನ ಸಾಸ್ ಸುರಿಯುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಅಂತ ಬರೆದ ಅಂಗಡಿ ಹುಡುಕಿಕೊಂಡು ಬದುಕಿದೆ. ಸೋಯಾ ಹಾಲು ಮೂಲೆ ಮೂಲೆಯಲ್ಲಿ ಸಿಗುತ್ತದೆ, ಪ್ರೋಟೀನಿಗೆ ಅದೇ ಗತಿ.

ಯಾವಾಗ ಹೋಗಬೇಕು? ಚಿಯಾಂಗ್ ಮಾಯ್ ಆದರೆ ನವೆಂಬರ್‌ನಿಂದ ಜನವರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ, ಕಾಡಿಗೆ ಬೆಂಕಿ ಹಾಕುತ್ತಾರೆ. ಇಡೀ ಕಣಿವೆ ಹೊಗೆ. ಗೋಡೆ ಇಲ್ಲದ ಜಿಮ್‌ನಲ್ಲಿ ಆ ಗಾಳಿ ಎಳೆದುಕೊಂಡು ಓಡುವುದು ಮೂರ್ಖತನ. ಫುಕೆಟ್‌ನ ಚಲೋಂಗ್ ಹತ್ತಿರ ಸೋಯ್ ತಾ-ಇಯದ್ ಅಂತ ಒಂದು ಬೀದಿ ಇದೆ, ಉದ್ದಕ್ಕೂ ಜಿಮ್‌ಗಳೇ. ಕಡಿಮೆ ಖರ್ಚಿನವರ ಜಾಗ ಅಲ್ಲ ಅದು, ಜಿಮ್‌ಗಿಂತ ಸ್ಮೂದಿ ಅಂಗಡಿಗೆ ಜಾಸ್ತಿ ಕೊಡಬೇಕಾಗುತ್ತದೆ. ಬ್ಯಾಂಕಾಕಿಗೆ ಇಳಿದು ಕ್ರುಂಗ್ ಥೇಪ್ ಅಫಿವಾತ್ ಸ್ಟೇಷನ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ಸ್ಲೀಪರ್ ರೈಲು ಹತ್ತು. ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯುತ್ತದೆ. ಜಿಮ್ ಹುಡುಕುವಾಗ ತಿಂಗಳ ದುಡ್ಡು ಮೊದಲೇ ಕಟ್ಟಬೇಡ. ಎರಡು ಮೂರು ಕಡೆ ಒಂದೊಂದು ಹೊತ್ತು ಹೋಗಿ ನೋಡು. ಒಬ್ಬ ಕ್ರೂಗೆ ಎಷ್ಟು ಜನ ಪ್ಯಾಡ್ ಹೊಡೆಯುತ್ತಾರೆ ಅಂತ ಎಣಿಸು. ಆಮೇಲೆ ಕಟ್ಟು. ಭಾನುವಾರ ಸಾಮಾನ್ಯವಾಗಿ ರಜೆ, ಊರು ನೋಡುವುದೆಲ್ಲ ಅವತ್ತೇ. ಉಳಿದ ದಿನ ಎರಡು ತರಬೇತಿಯ ನಡುವೆ ನೀನು ಎಲ್ಲಿಗೂ ಹೋಗುವುದಿಲ್ಲ, ಸುಮ್ನೆ ನಿದ್ದೆ ಹೊಡೆಯುತ್ತೀಯ. ಖರ್ಚು ತಾನಾಗಿಯೇ ಇಳಿಯುತ್ತದೆ.

ಇನ್ಶೂರೆನ್ಸ್ ಮಾತ್ರ ಅಗ್ಗದ್ದು ಅಂತ ತಗೋಬೇಡ. ಸುಮಾರು ಪಾಲಿಸಿಗಳಲ್ಲಿ ಹೊಡೆದಾಟದ ಆಟಗಳಿಗೆ ಕವರ್ ಇಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ತರಬೇತಿಗೆ ಬೇರೆ, ಪಂದ್ಯಕ್ಕೆ ಬೇರೆ. ಬಾಯಿಮಾತು ಬೇಡ, ಲಿಖಿತದಲ್ಲಿ ಕೇಳು. ಸ್ಕೂಟರ್ ಬಾಡಿಗೆಗೆ ತಗೊಳ್ಳುವ ಯೋಚನೆ ಇದ್ದರೆ ಆರ್‌ಟಿಓದಲ್ಲಿ 1,000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸು, ವರ್ಷ ನಡೆಯುತ್ತದೆ. ನಿನ್ನ ಲೈಸೆನ್ಸಿನಲ್ಲಿ ಬೈಕ್ ಇದೆಯಾ ನೋಡು. ಇಲ್ಲದಿದ್ದರೆ ಬಿದ್ದ ದಿನ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ಜಿಮ್‌ನ ಗ್ಲೌಸ್ ಹಾಕಬೇಡ. ನೂರು ಜನರ ಬೆವರು ಅದರಲ್ಲಿ, ಹುಳುಕಡ್ಡಿ ಪುಕ್ಕಟೆ. ಸಣ್ಣ ಗಾಯವನ್ನೂ ಸೋಪು ಹಾಕಿ ತೊಳೆದು ಮುಚ್ಚು. ಆ ಸೆಕೆಯಲ್ಲಿ ಒಂದು ಗೀರು ಎರಡು ದಿನಕ್ಕೆ ಕೀವಾಗುತ್ತದೆ.

ಇಷ್ಟೆಲ್ಲ ಓದಿಯೂ ‘ಇಲ್ಲ, ನನಗೆ ಜೂಡೊನೇ ಬೇಕು’ ಅನ್ನುತ್ತೀಯಾ? ಸಂತೋಷ. ಹಾಗಾದರೆ ಥಾಯ್ಲೆಂಡ್ ಬಿಡು. ಜಿಗೊರೊ ಕಾನೊ 1882ರಲ್ಲಿ ಶುರು ಮಾಡಿದ ಕೊಡೊಕಾನ್ ಟೋಕಿಯೊದಲ್ಲಿ ಇವತ್ತಿಗೂ ಇದೆ, ಹೊರದೇಶದವರನ್ನೂ ಸೇರಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ನೀನು ಬೀಳುವುದನ್ನೇ ಮೊದಲು ಕಲಿಯಬೇಕು. ಕೊನೆಯ ವಾರದಲ್ಲಿ ಹೋಗಿ ಮುಗಿಸುತ್ತೇನೆ ಅಂದರೆ ಬರೀ ಬಿದ್ದು ವಾಪಸ್ ಬರುತ್ತೀಯ. ಊಟ ರೂಮು ಎಲ್ಲ ತುಟ್ಟಿ, ಎರಡು ಲಕ್ಷ ಎಲ್ಲಿಗೂ ಸಾಲದು. ಇನ್ನೊಂದು ವರ್ಷ ದುಡ್ಡು ಕೂಡಿಡು, ಅಷ್ಟರಲ್ಲಿ ಇಲ್ಲೇ ಮುಂಬಯಿಯಲ್ಲಿ ಒಂದು ಜೂಡೊ ಕ್ಲಾಸಿಗೆ ಸೇರು.

ಗ್ಲೌಸ್ ಇಲ್ಲಿಂದ ಹೊತ್ತುಕೊಂಡು ಹೋಗಬೇಡ. ಟ್ವಿನ್ಸ್, ಫೇರ್‌ಟೆಕ್ಸ್ ಎಲ್ಲ ಅಲ್ಲೇ ಆಗುವುದು, ಅಲ್ಲೇ ಕಡಿಮೆ. ಕೈಪಟ್ಟಿ ಎರಡು ಜೊತೆ ತಗೋ, ಒಂದು ಒಣಗುವಾಗ ಇನ್ನೊಂದು. ಶಿನ್ ಗಾರ್ಡ್ ನನ್ನದು ಇದೆ, ಕೊಡುತ್ತೇನೆ. ಮುಂದಿನ ಶನಿವಾರ ಮಾಟುಂಗದ ರಾಮ ನಾಯಕ್ ಬೋರ್ಡಿಂಗ್‌ಗೆ ಊಟಕ್ಕೆ ಬಾ, ಹನ್ನೆರಡರ ಒಳಗೆ ಬಂದರೆ ಕ್ಯೂ ಇರುವುದಿಲ್ಲ. ಬಿಲ್ಲು ನಿನ್ನದು. ಮನೆಯಲ್ಲಿ ಅಮ್ಮನಿಗೆ ಮಾತ್ರ ಒದೆತ, ಗುದ್ದು ಅಂತೆಲ್ಲ ಹೇಳಬೇಡ. ವ್ಯಾಯಾಮದ ಕೋರ್ಸ್ ಅನ್ನು. ನನಗೆ ಫೋನ್ ಬಂದರೆ ನಾನೂ ಅದನ್ನೇ ಹೇಳುತ್ತೇನೆ.

ನಿನ್ನ
ದೋಸ್ತಿ